ಊರಿಗೆ ಸಾರಿದ ಸುದ್ದಿ, ಹುಡುಗಿಗೆ ತಿಳಿಯದ ಅರ್ಥ

ರಾಯಬಾಗ ಸೀಮೆಯ ಹಳ್ಳಿಗಳಲ್ಲಿ ಹುಡುಗಿ ಮೈನೆರೆದರೆ ಅದು ಗುಟ್ಟಿನ ಸಂಗತಿಯಲ್ಲ. ಆಕೆಯನ್ನು ಸಿಂಗರಿಸಿ ಕೂಡ್ರಿಸಿ, ಮುತ್ತೈದೆಯರು ಆರತಿ ಬೆಳಗಿ, ಸೋಬಾನೆ ಹಾಡಿ, ಬಂಧುಗಳಿಗೆ ಊಟ ಹಾಕುವುದು ಹಲವು ಮನೆತನಗಳ ವಾಡಿಕೆ. ಆದರೆ ತನ್ನ ದೇಹದಲ್ಲಿ ಏನಾಗುತ್ತಿದೆ, ಏಕೆ ಆಗುತ್ತಿದೆ ಎಂಬುದನ್ನು ಆ ಹುಡುಗಿಗೆ ಬಿಡಿಸಿ ಹೇಳುವವರು ವಿರಳ. ಹುಡುಗನಿಗಂತೂ ಏನನ್ನೂ ಹೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಹದಿಹರೆಯದ ಶಿಕ್ಷಣ ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ವಾದವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಕೇಂದ್ರ ಸರ್ಕಾರ 2005ರಲ್ಲಿ ಶಾಲೆಗಳಿಗಾಗಿ ರೂಪಿಸಿದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದದ್ದು ಇದೇ ವಾದದಿಂದ. ಬಾಲಕಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿಯೂ ಬೆಳಗಾವಿ ಜಿಲ್ಲೆಯಲ್ಲಿ ಸಂಪ್ರದಾಯವೆಂದೇ ನಡೆದು ಬಂದಿತ್ತು. 1982ರ ಕಾಯ್ದೆ ಅದನ್ನು ಅಪರಾಧವೆಂದಾಗ ಸಂಸ್ಕೃತಿಯೇನೂ ನಾಶವಾಗಲಿಲ್ಲ.

ಸೇವೆಯಲ್ಲಿದ್ದಾಗ ಈ ಭಾಗದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವೊಂದನ್ನು ಬಿಟ್ಟು ಉಳಿದೆಲ್ಲವೂ ಮುಗಿದಿದ್ದವು. ಅದನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಲಾಗಿತ್ತು. ಕಾರಣ ಕೇಳಿದಾಗ ಶಿಕ್ಷಕರು, 'ಸಾಹೇಬ್ರ, ನಾಳೆ ಪಾಲಕರು ಬಂದು ಕೇಳಿದ್ರ ನಾ ಏನ್ ಹೇಳ್ಲಿ?' ಎಂದರು. ಅವರನ್ನು ದೂರುವುದು ಸುಲಭ. ಅವರಿಗೆ ತರಬೇತಿ ಕೊಟ್ಟವರಿಲ್ಲ, ಬೆನ್ನಿಗೆ ನಿಂತವರೂ ಇಲ್ಲ.

ಈ ಮೌನಕ್ಕೆ ಮಕ್ಕಳು ಬೆಲೆ ತೆರುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಮಗಳು ದಾರಿ ತಪ್ಪಿಯಾಳೆಂಬ ಭಯವೂ ಅವಸರದ ಮದುವೆಗೆ ಒಂದು ಕಾರಣ. ಇತ್ತ 2012ರ ಪೋಕ್ಸೊ ಕಾಯ್ದೆಯಡಿ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಪ್ರೀತಿಸಿ ಓಡಿಹೋದ ಹುಡುಗ ಜೈಲು ಸೇರುವವರೆಗೆ ಇದನ್ನು ಅವನಿಗೆ ಹೇಳುವವರಿಲ್ಲ. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ಅರಿವು ಮೂಡಿಸುವಂತೆ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ.

ಗರ್ಭಿಣಿಯಾದ ಬಾಲಕಿಯ ಸ್ಥಿತಿ ಇನ್ನೂ ದಾರುಣ. ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆಂಬ ನಿಯಮಕ್ಕೆ ಅಂಜಿ ಮನೆಯವರು ಆಸ್ಪತ್ರೆ ಬಿಟ್ಟು ಅಡ್ಡದಾರಿ ಹಿಡಿಯುವ ಅಪಾಯವಿದೆ. ಬಾಲಕಿ ಮತ್ತು ಪೋಷಕರು ಕೋರಿದರೆ, ಗರ್ಭಪಾತದ ಸಂದರ್ಭದಲ್ಲಿ ವೈದ್ಯರು ಆಕೆಯ ಹೆಸರು, ಗುರುತು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಪ್ರತಿ ತಾಯಿಗೂ ಗೊತ್ತಿರಬೇಕಾದ ಮಾತಿದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಶಿಕ್ಷಕರಿಗೆ ತರಬೇತಿ ಕೊಟ್ಟು, ಪಾಲಕರ ಸಭೆಯಲ್ಲಿ ಪಾಠವನ್ನು ಮೊದಲೇ ವಿವರಿಸಿದರೆ ಅರ್ಧ ವಿರೋಧ ಕರಗುತ್ತದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆದ ಸ್ನೇಹ ಕ್ಲಿನಿಕ್‌ಗಳ ದಾರಿಯನ್ನು ಆಶಾ ಕಾರ್ಯಕರ್ತೆಯರು ಮಕ್ಕಳಿಗೆ ತೋರಿಸಲಿ. ಆರತಿಯ ವಾಡಿಕೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆರತಿ ಎತ್ತಿದ ಹೆಂಗಸರಲ್ಲಿ ಒಬ್ಬರಾದರೂ ಅಂದು ಆ ಹುಡುಗಿಯ ಪಕ್ಕದಲ್ಲಿ ಕುಳಿತು, ಅವಳ ಪ್ರಶ್ನೆಗಳಿಗೆ ಉತ್ತರ ಹೇಳಲಿ.