ಟೈಪಿಂಗ್ ವೇಗ ಅಳೆಯುವಾಗ ನಾನು ಮಾಡಿದ ತಪ್ಪು

ಅಭ್ಯಾಸ ಬೋಧನೆಯ ಎರಡನೆಯ ವಾರ, ಒಂಬತ್ತನೆಯ ತರಗತಿಗೆ ‘ನುಡಿ’ಯಲ್ಲಿ ಕನ್ನಡ ಟೈಪಿಂಗ್ ಕಲಿಸುವ ಪಾಠ ನನ್ನ ಪಾಲಿಗೆ ಬಂತು. ಕಿರುಪರೀಕ್ಷೆಗೆ 2 ನಿಮಿಷ ಕೊಟ್ಟೆ. ಯಾರು ಎಷ್ಟು ಪದ ಹೊಡೆದರೆಂದು ಎಣಿಸಿ, ಕ್ರಮಾಂಕವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೊದಲು ಬಂದ ಹುಡುಗನಿಗೆ ಚಪ್ಪಾಳೆ ಸಿಕ್ಕಿತು. ಕೊನೆಯಲ್ಲಿದ್ದ ಹುಡುಗಿ ಮರುದಿನ, “ಮೇಡಂ, ನನ್ನ ಸರದಿ ಬೇರೆಯವರಿಗೆ ಕೊಡಿ, ನಾನು ಬಹಳ ನಿಧಾನ” ಎಂದಳು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ಆ ಹುಡುಗ ಹೊಡೆದದ್ದನ್ನು ಓದಿ ನೋಡಿದಿರಾ?” ಓದಿದೆ. ‘ನಮ್ಮ ಹಳ್ಳಿಯಲ್ಲಿ’ ಎಂದಿರಬೇಕಾದಲ್ಲಿ ‘ನಮ್ಮ ಹಲ್ಲಿಯಲ್ಲಿ’ ಎಂದಿತ್ತು. ಅಂಥವು ಸಾಲುಸಾಲಾಗಿ ಇದ್ದವು.

ಅಳತೆ ಹೇಗಿರಬೇಕು?

ಮೊದಲ ದೋಷ ಪದ ಎಣಿಸಿದ್ದು. ನುಡಿಯಲ್ಲಿ ಬಳಸುವ ಕೆ. ಪಿ. ರಾವ್ ವಿನ್ಯಾಸದಲ್ಲಿ ‘ಸರಳ’ ಎಂಬ ಮೂರಕ್ಷರಕ್ಕೆ ಮೂರು ಕೀಲಿ ಸಾಕು. ‘ವಿದ್ಯಾ’ ಎಂಬ ಎರಡಕ್ಷರಕ್ಕೆ ಆರು ಕೀಲಿ ಬೇಕು: ವ, ಇಕಾರ, ದ, ಒತ್ತಿಗಾಗಿ ಎಫ್, ಯ, ಆಕಾರ. ಆದ್ದರಿಂದ ಪದವನ್ನಾಗಲಿ ಅಕ್ಷರವನ್ನಾಗಲಿ ಎಣಿಸಿದರೆ ನ್ಯಾಯವಾಗದು. ಕೀಲಿ ಒತ್ತುಗಳನ್ನು ಎಣಿಸಬೇಕು. ಇಂಗ್ಲಿಷ್ ಟೈಪಿಂಗ್‌ನಲ್ಲೂ ಜಾಗ ಸೇರಿ 5 ಒತ್ತುಗಳನ್ನು ಒಂದು ‘ಪದ’ವೆಂದು ಹಿಡಿಯುವ ರೂಢಿ ಇದೆ. ಪರೀಕ್ಷಾ ಭಾಗದ ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಒತ್ತುಗಳ ಮೊತ್ತವನ್ನು ಮೊದಲೇ ಬರೆದಿಟ್ಟರೆ ಶಿಕ್ಷಕರಿಗೆ ಎಣಿಕೆ ಸುಲಭ.

ಎರಡನೆಯ ದೋಷ ತಪ್ಪುಗಳನ್ನು ಬಿಟ್ಟದ್ದು. ಆ ಇಬ್ಬರ ಹಾಳೆಗಳನ್ನು ಮತ್ತೆ ಲೆಕ್ಕ ಹಾಕಿದೆ.

ಹುಡುಗ: 240 ಒತ್ತು, 36 ತಪ್ಪು. ನಿಖರತೆ 204 ÷ 240, ಅಂದರೆ ಶೇ. 85.
ಹುಡುಗಿ: 150 ಒತ್ತು, 3 ತಪ್ಪು. ನಿಖರತೆ 147 ÷ 150, ಅಂದರೆ ಶೇ. 98.

ಒಟ್ಟು ವೇಗ ಹುಡುಗನದು ನಿಮಿಷಕ್ಕೆ 24 ಪದ, ಹುಡುಗಿಯದು 15. ಒಂದು ತಪ್ಪಿಗೆ ಒಂದು ಪದ ಕಳೆಯುವ ರೂಢಿಯಂತೆ ನಿಮಿಷಕ್ಕೆ ಕ್ರಮವಾಗಿ 18 ಮತ್ತು 1.5 ಕಳೆದರೆ, ನಿವ್ವಳ ವೇಗ ಅವನದು 6, ಅವಳದು 13.5. ನಾನು ಹಲಗೆಯ ಮೇಲೆ ಬರೆದ ಕ್ರಮ ತಲೆಕೆಳಗಾಗಿತ್ತು.

ತಪ್ಪು ಎಲ್ಲಿಂದ ಬರುತ್ತದೆ?

ಹುಡುಗನ ತಪ್ಪುಗಳನ್ನು ವಿಂಗಡಿಸಿದಾಗ ಇನ್ನೊಂದು ವಿಷಯ ತಿಳಿಯಿತು. ಲ–ಳ, ನ–ಣ, ಹ್ರಸ್ವ–ದೀರ್ಘ ಇವೇ ಹೆಚ್ಚು. ಈ ಜೋಡಿಗಳು ಒಂದೇ ಕೀಲಿಯಲ್ಲಿವೆ; ವ್ಯತ್ಯಾಸ ಶಿಫ್ಟ್ ಮಾತ್ರ. ಅವನಿಗೆ ಕಾಗುಣಿತ ಚೆನ್ನಾಗಿಯೇ ಬರುತ್ತಿತ್ತು. ಯಾವ ಅಕ್ಷರಕ್ಕಾದರೂ ಎಡಗಡೆಯ ಶಿಫ್ಟನ್ನೇ ಹುಡುಕಿ ಒತ್ತುತ್ತಿದ್ದ, ಆತುರದಲ್ಲಿ ಅದು ತಪ್ಪುತ್ತಿತ್ತು. ನಿಯಮ ಸರಳ: ಬಲಗೈಯ ಅಕ್ಷರಕ್ಕೆ ಎಡ ಶಿಫ್ಟ್, ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್, ಎರಡನ್ನೂ ಕಿರುಬೆರಳಿನಿಂದ.

ಮಾಡಿಸಿದ ಅಭ್ಯಾಸ

1. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬನ್ನು ತೋರುಬೆರಳಿನಿಂದ ಮುಟ್ಟಿ ಗುರುತಿಸುವುದು. ಪ್ರತಿ ಒತ್ತಿನ ನಂತರ ಬೆರಳು ತನ್ನ ಸಾಲಿಗೆ ಮರಳುವುದು.
2. ಕೈಗಳ ಮೇಲೆ ಕರವಸ್ತ್ರ ಹೊದಿಸಿ, ಕೀಲಿಮಣೆ ನೋಡದೆ ಹೊಡೆಯುವುದು.
3. ಹಳ್ಳಿ–ಹಲ್ಲಿ, ಬಾಳೆ–ಬಾಲೆ ಮುಂತಾದ ಜೋಡಿಗಳನ್ನು ಒಂದೇ ಲಯದಲ್ಲಿ ನಿಧಾನವಾಗಿ ಹೊಡೆಯುವುದು.
4. ತಮ್ಮ ತಪ್ಪುಗಳನ್ನು ತಾವೇ ಸುತ್ತುಹಾಕಿ, ಯಾವ ಬೆರಳಿನದೆಂದು ಪಕ್ಕದಲ್ಲಿ ಬರೆಯುವುದು.
5. ನಿಖರತೆ ಶೇ. 95 ದಾಟಿದ ಮೇಲಷ್ಟೇ ವೇಗ ಹೆಚ್ಚಿಸುವುದು.

ಅಳೆಯುವಾಗ ಬ್ಯಾಕ್‌ಸ್ಪೇಸ್ ಬಳಸಲು ಬಿಡಲಿಲ್ಲ. ಬಿಟ್ಟರೆ ತಪ್ಪು ಮರೆಯಾಗುತ್ತದೆ, ಕಾರಣ ತಿಳಿಯುವುದಿಲ್ಲ.

ಮೂರನೆಯ ದಿನ ತರಗತಿಯ ಮುಂದೆಯೇ ನನ್ನ ಎಣಿಕೆ ತಪ್ಪಿತ್ತೆಂದು ಹೇಳಿ, ಎರಡೂ ಲೆಕ್ಕಗಳನ್ನು ಬರೆದು ತೋರಿಸಿದೆ. ಹುಡುಗಿ ಏನೂ ಹೇಳಲಿಲ್ಲ; ಆದರೆ ತನ್ನ ಸರದಿಗೆ ಬಂದು ಕುಳಿತಳು. ಕೊನೆಯ ಪರೀಕ್ಷೆಯಲ್ಲಿ ಹುಡುಗನ ಒಟ್ಟು ವೇಗ ಸ್ವಲ್ಪ ಇಳಿದಿತ್ತು, ತಪ್ಪುಗಳು ಬಹಳ ಕಡಿಮೆಯಾಗಿದ್ದವು. ಅವನಿಗೆ ಇದು ಸೋಲಲ್ಲವೆಂದು ಬಿಡಿಸಿ ಹೇಳಬೇಕಾಯಿತು.

ಈಗ ನನ್ನ ಪಾಠಯೋಜನೆಯಲ್ಲಿ ಕ್ರಮಾಂಕದ ಪಟ್ಟಿ ಇಲ್ಲ. ಪ್ರತಿ ಮಗುವಿನ ಹಾಳೆಯಲ್ಲಿ ಒತ್ತು, ತಪ್ಪು, ನಿಖರತೆ ಎಂಬ ಮೂರು ಕಲಂಗಳಿವೆ. ಹೋಲಿಕೆ ಅದೇ ಮಗುವಿನ ಹಿಂದಿನ ವಾರದೊಂದಿಗೆ.