ಯಾರ್ ತ್ವಾಟದ ಮೋಟ್ರು ಅದು?

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುವ ಊರು ಹಗರೆ. ದೇವಸ್ಥಾನ ನೋಡೋಕೆ ಬರುವವರು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗ್ತಾರೆ. ನಾವು ಐದು ಜನ ಇಳಿದುಕೊಂಡೆವು, ಯಾಕಂದ್ರೆ ನಮ್ಮಲ್ಲೊಬ್ಬನ ಮನೆ ಅಲ್ಲೇ. ಮೇ ತಿಂಗಳು, ಪರೀಕ್ಷೆ ಮುಗಿದಿತ್ತು. ಬೇರೆ ಬೇರೆ ಕಾಲದ ಪ್ರಯೋಗಶೀಲ ರಾಕ್ ಆಲ್ಬಂಗಳ ವಿಮರ್ಶೆ ಬರೆದುಕೊಡ್ತೀವಿ ಅಂತ ಈ ಪತ್ರಿಕೆಗೆ ಒಪ್ಕೊಂಡಿದ್ವಿ. ಡ್ರಾಫ್ಟ್ ಕೂಡ ರೆಡಿ ಇತ್ತು.

ಆ ಡ್ರಾಫ್ಟಿನ ಬಗ್ಗೆ ನಿಜ ಹೇಳಿಬಿಡ್ತೀವಿ. ಐದು ಆಲ್ಬಂ ಆರಿಸಿಕೊಂಡಿದ್ವಿ. ಮೂರು ಹೊರದೇಶದ್ದು, ಎರಡು ನಮ್ಮ ಕಡೆಯದು. ಹೊರದೇಶದವಕ್ಕೆ ಹತ್ತಕ್ಕೆ ಒಂಬತ್ತು, ಒಂಬತ್ತೂವರೆ, ನಮ್ಮವಕ್ಕೆ ಆರು. 'ಕಾಲಾತೀತ', 'ಕ್ರಾಂತಿಕಾರಿ' ಅನ್ನೋ ಪದಗಳು ಧಾರಾಳವಾಗಿ ಬಿದ್ದಿದ್ವು. ಒಂಬತ್ತೂವರೆ ಕೊಟ್ಟ ಆಲ್ಬಮ್ಮನ್ನು ನಮ್ಮಲ್ಲಿ ಮೂವರು ಪೂರ್ತಿ ಕೇಳಿಯೇ ಇರಲಿಲ್ಲ.

ಆ ಆಲ್ಬಂ 'ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೊ', 1967ರದ್ದು, ಮುಖಪುಟದಲ್ಲಿ ಆಂಡಿ ವಾರ್ಹಾಲ್ ಬಿಡಿಸಿದ ಬಾಳೆಹಣ್ಣಿದೆಯಲ್ಲ, ಅದೇ. ಸಂಜೆ ಜಗಲಿ ಮೇಲೆ ಸ್ಪೀಕರ್ ಇಟ್ಟು 'ವೀನಸ್ ಇನ್ ಫರ್ಸ್' ಹಾಕಿದ್ವಿ. ಒಂದೇ ಸಮ ಗುಂಯ್ ಅನ್ನೋ ಆ ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಗೆಳೆಯನ ಅಮ್ಮ ಒಳಗಿಂದ ಓಡಿ ಬಂದ್ರು.

"ಯಾರ್ ತ್ವಾಟದ ಮೋಟ್ರು ಅದು? ತ್ರೀ ಫೇಸ್ ಬಂದೈತೇನ್ರೋ?"

ಶುಂಠಿ ನೆಟ್ಟು ತಿಂಗಳಾಗಿತ್ತು, ಮಳೆ ಬಂದಿರಲಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರೋದೇ ದಿನಕ್ಕೆ ಕೆಲವು ಗಂಟೆ, ಅದೂ ಹೊತ್ತಲ್ಲದ ಹೊತ್ತಲ್ಲಿ. ಪಕ್ಕದ ತೋಟದ ಮೋಟ್ರು ಓಡಿದ ಸದ್ದೇ ಇಲ್ಲಿ ಅಲಾರಂ. ಸ್ಟಾರ್ಟರ್ ಡಬ್ಬಿ ತನಕ ಹೋಗಿ ನೋಡಿ ವಾಪಸ್ ಬಂದವರು, "ಹಾಡಾ ಇದು!" ಅಂತ ಬೈದು ಒಳಗೆ ಹೋದ್ರು. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಯೋಚಿಸಿದಾಗ ಗೊತ್ತಾಯ್ತು, ಆ ಆಲ್ಬಂ ಬಗ್ಗೆ ನಮ್ಮ ಎರಡು ಪುಟದಲ್ಲಿ ಇಲ್ಲದ ಸರಿಯಾದ ಮಾತನ್ನು ಅಮ್ಮ ಹೇಳಿದ್ದರು.

ಆ ಗುಂಯ್ ಸದ್ದಿಗೂ ಕರೆಂಟಿಗೂ ನಿಜವಾಗಿಯೂ ಸಂಬಂಧ ಇದೆ. ಬ್ಯಾಂಡಿನಲ್ಲಿ ವಯೊಲಾ ನುಡಿಸುತ್ತಿದ್ದ ಜಾನ್ ಕೇಲ್, ಅದಕ್ಕೆ ಮೊದಲು ನ್ಯೂಯಾರ್ಕಿನಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಯೋಜಕರ ಗುಂಪಿನಲ್ಲಿದ್ದರು. ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಗುಂಪು ಅದು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಆಧಾರ ಸ್ವರ ಎಲ್ಲಿ ಸಿಗುತ್ತೆ? ಗೋಡೆಯ ಪ್ಲಗ್‌ನಲ್ಲಿ. ಅಮೆರಿಕದ ಕರೆಂಟು 60 ಹರ್ಟ್ಸ್‌ನದ್ದು. ಆ ಗುನುಗಿಗೇ ಅವರು ಶ್ರುತಿ ಕೂಡಿಸಿಕೊಂಡರು. ಇನ್ನೊಂದು ವಿಷಯ, ಈ ಯಂಗ್ 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಹಾಡಿದ್ದೂ ಅದೇ ಘರಾಣೆಯಲ್ಲಿ. ತಂಬೂರಿ ಮುಂದೆ ಕೂತು ಬೆಳೆದ ಕಿವಿಗೆ 'ಡ್ರೋನ್' ಅನ್ನೋದು ಹೊಸದೇನಲ್ಲ, ಅದು ಶ್ರುತಿ.

ರಾಕ್‌ನಲ್ಲಿ ಅದು ಯಾಕೆ ಪ್ರಯೋಗ ಅನ್ನಿಸಿಕೊಂಡಿತು? ಸಾಮಾನ್ಯ ರಾಕ್ ಹಾಡು ಕಾರ್ಡ್ ಬದಲಾಯಿಸುತ್ತಾ ಮುಂದೆ ನಡೆಯುತ್ತೆ. ಮನೆ ಬಿಟ್ಟು ಸುತ್ತಾಡಿ ಮತ್ತೆ ಮನೆಗೆ ಬರೋ ಹಾಗೆ. ಆಧಾರ ಸ್ವರ ನಿಂತುಬಿಟ್ಟರೆ ಆ ಓಡಾಟಕ್ಕೆ ಜಾಗವಿಲ್ಲ. ಆಗ ಕಿವಿ ಬೇರೆ ಕಡೆ ತಿರುಗುತ್ತೆ, ಪ್ರತಿ ಸ್ವರ ಆಧಾರಕ್ಕೆ ಎಷ್ಟು ಹತ್ತಿರ, ಎಷ್ಟು ಉಜ್ಜುತ್ತಿದೆ ಅನ್ನೋದರ ಕಡೆಗೆ. ಲೂ ರೀಡ್ ಈ ಹಾಡಿಗೆ ಗಿಟಾರಿನ ತಂತಿಗಳನ್ನೆಲ್ಲ ಒಂದೇ ಸ್ವರಕ್ಕೆ ಕೂಡಿಸಿಕೊಂಡಿದ್ದರು. ಮೊ ಟಕರ್ ನಿಂತುಕೊಂಡು ಡ್ರಮ್ ಬಾರಿಸುತ್ತಿದ್ದರು, ಸಿಂಬಲ್ ಬಹುತೇಕ ಇಲ್ಲ. ಸುತ್ತಲಿನದನ್ನೆಲ್ಲ ಕಿತ್ತು ಹಾಕಿ ಒಂದು ಗುಂಯ್ ಮಾತ್ರ ಉಳಿಸಿಕೊಂಡರೆ ಏನಾಗುತ್ತೆ ಅನ್ನೋದೇ ಅಲ್ಲಿನ ಪ್ರಯೋಗ.

ಅಲ್ಲಿಂದ ನಮ್ಮ ಪಟ್ಟಿ ಹರಿದು ಹಾಕಿದೆವು. ಅಂಕದ ಬದಲು ಪ್ರತಿ ಆಲ್ಬಂಗೂ ಒಂದೇ ಪ್ರಶ್ನೆ: ಇದರಲ್ಲಿ ಪ್ರಯೋಗ ಇರೋದು ಎಲ್ಲಿ, ಮುಟ್ಟದೆ ಬಿಟ್ಟಿರೋದು ಯಾವುದನ್ನ?

ಜರ್ಮನಿಯ ಕ್ಯಾನ್ ಬ್ಯಾಂಡಿನ 'ಟಾಗೊ ಮಾಗೊ' (1971) ಕೇಳುವಾಗ ಉತ್ತರ ಬೇಗ ಸಿಕ್ಕಿತು. ಪ್ರಯೋಗ ಇರೋದು ಕತ್ತರಿಯಲ್ಲಿ. ಕಲೋನ್ ಹತ್ತಿರದ ಹಳೇ ಕೋಟೆಮನೆಯೊಂದರಲ್ಲಿ ಗಂಟೆಗಟ್ಟಲೆ ನುಡಿಸಿದ್ದನ್ನು ಹೋಲ್ಗರ್ ಚುಕೈ ಟೇಪ್ ಕತ್ತರಿಸಿ ಅಂಟಿಸಿ ಹಾಡು ಮಾಡಿದರು. ಹಾಡುವ ದಾಮೊ ಸುಝುಕಿ ಮ್ಯೂನಿಕ್ ಬೀದಿಯಲ್ಲಿ ಹಾಡುತ್ತಿದ್ದಾಗ ಸಿಕ್ಕ ಜಪಾನಿ ಹುಡುಗ. 'ಹಾಲೆಲುವಾ' ಹಾಡು ಹದಿನೆಂಟು ನಿಮಿಷ, ರೆಕಾರ್ಡಿನ ಇಡೀ ಒಂದು ಬದಿ. ಇಷ್ಟೆಲ್ಲ ಬದಲಾದರೂ ಯಾಕಿ ಲೀಬೆಟ್ಸೈಟ್ ಅವರ ಡ್ರಮ್ ಮಾತ್ರ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೆ. ಅದಿಲ್ಲದಿದ್ದರೆ ನಾವು ಐದನೇ ನಿಮಿಷಕ್ಕೇ ಎದ್ದು ಹೋಗ್ತಿದ್ವಿ. (ಎರಡನೇ ರೆಕಾರ್ಡಿನ ಹೊತ್ತಿಗೆ ಇಬ್ಬರು ಎದ್ದು ಹೋಗಿದ್ದೂ ನಿಜ.)

ರೇಡಿಯೊಹೆಡ್‌ನ 'ಕಿಡ್ ಎ' (2000) ಬಗ್ಗೆ ಹಾಸ್ಟೆಲ್‌ನಲ್ಲಿ ಎಲ್ಲರೂ ಮಾತಾಡಿ ಆಗಿದೆ, ಚುಟುಕಾಗಿ ಮುಗಿಸ್ತೀವಿ. ಗಿಟಾರಿಗೆ ಹೆಸರಾದ ಬ್ಯಾಂಡು, ಮೊದಲ ಹಾಡಿನಲ್ಲಿ ಗಿಟಾರನ್ನೇ ಬಿಟ್ಟು ಕೀಬೋರ್ಡಿನಲ್ಲಿ ಶುರು ಮಾಡಿತು. ಥಾಮ್ ಯಾರ್ಕ್ ದನಿಯನ್ನೂ ಯಂತ್ರದಲ್ಲಿ ಅರೆದರು. ಮುಟ್ಟದೆ ಉಳಿಸಿಕೊಂಡಿದ್ದು ರಾಗದ ದುಃಖ. ಅದಕ್ಕೇ ಅದು ಇಷ್ಟು ಜನಕ್ಕೆ ತಲುಪಿತು ಅನ್ನೋದು ನಮ್ಮ ಅಂದಾಜು.

ಈಗ ನಾವು ಆರು ಅಂಕ ಕೊಟ್ಟ ಆಲ್ಬಂ. ಮೈಸೂರಿನಲ್ಲಿ ಓದಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ, 2008ರಲ್ಲಿ ಬಂದದ್ದು. ಅದರಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಇದೆ. ಈ ಪದಗಳನ್ನು ಮನೆಮನೆಗೆ ತಲುಪಿಸಿದವರು ಸಿ. ಅಶ್ವಥ್. ನಾವೆಲ್ಲ ಅಪ್ಪನ ಕ್ಯಾಸೆಟ್ಟಿನಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಕೇಳಿ ಬಾಯಿಪಾಠ ಆಗಿರೋ ಧಾಟಿ. ಅದನ್ನು ಬಿಟ್ಟು ಬೇರೆ ಧಾಟಿಯಲ್ಲಿ, ಗಿಟಾರ್ ಹಿಡಿದು ಹಾಡೋದು ಸಣ್ಣ ಧೈರ್ಯವಲ್ಲ. ಆದರೂ ನಮ್ಮ ಪ್ರಶ್ನೆ ಇಟ್ಟು ಕೇಳಿದರೆ ಉತ್ತರ ತಮಾಷೆಯಾಗಿದೆ: ಅಲ್ಲಿ ದೊಡ್ಡ ಪ್ರಯೋಗ ಮಾಡಿದವರು ಬ್ಯಾಂಡಿನವರಲ್ಲ, 1819ರಲ್ಲಿ ಹುಟ್ಟಿದ ಶರೀಫರು. ಹುಕ್ಕಾ ಸೇದುವುದನ್ನೇ ಸಾಧನೆಗೆ ರೂಪಕ ಮಾಡಿಬಿಡೋದು, ಚಟದ ಮಾತಿನಲ್ಲೇ ಅಧ್ಯಾತ್ಮ ಹೇಳೋದು ಈಗಲೂ ಬೆಚ್ಚಿಬೀಳಿಸುತ್ತೆ. ಪಿಟೀಲು, ಗಿಟಾರು ಎಲ್ಲ ಸೊಗಸಾಗಿವೆ, ಆದರೆ ಆ ಮಾತಿನಷ್ಟು ವಿಚಿತ್ರವಾಗೋಕೆ ಹೋಗಲ್ಲ. ಹಾಡುಗಾರನ ದನಿ ಮುಂದೆ, ವಾದ್ಯ ಹಿಂದೆ. ಭಾವಗೀತೆಯ ಆ ಶಿಸ್ತನ್ನು ಮುಟ್ಟಿಲ್ಲ. ಹೊಸ ಕೇಳುಗರಿಗೆ ಪದ ಸ್ಪಷ್ಟವಾಗಿ ಕೇಳಬೇಕು ಅನ್ನೋದಾದರೆ ಅದೇ ಸರಿ ಅಂತ ನಮ್ಮಲ್ಲಿ ಇಬ್ಬರ ವಾದ. ಉಳಿದ ಮೂವರಿಗೆ ಇನ್ನಷ್ಟು ಗುಡುಗುಡಿ ಬೇಕಿತ್ತು. ಈ ಜಗಳ ಬಗೆಹರಿದಿಲ್ಲ. ಆದರೆ 'ಫ್ಯೂಶನ್ ಅಷ್ಟೇ' ಅಂತ ಬರೆದಿದ್ದ ಸಾಲನ್ನು ಐವರೂ ಸೇರಿ ಹೊಡೆದು ಹಾಕಿದೆವು.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಬೆಂಗಳೂರಿನ ಸ್ವರಾತ್ಮ ಬ್ಯಾಂಡಿನ 2009ರ ಆಲ್ಬಂನಲ್ಲಿ ಹಿಂದಿ ಹಾಡುಗಳ ನಡುವೆ 'ಈ ಭೂಮಿ' ಕನ್ನಡದಲ್ಲಿದೆ. ಇದರ ಧೈರ್ಯ ಇರೋದು ವೇದಿಕೆಯಲ್ಲಿ, ರೆಕಾರ್ಡಿನಲ್ಲಿ ಕಡಿಮೆ. ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯೋದನ್ನು ಸ್ಪೀಕರ್ ತೋರಿಸಲ್ಲವಲ್ಲ.

ನೀವೂ ಕೇಳುವುದಾದರೆ ಫೋನಿನ ಸ್ಪೀಕರ್ ಬೇಡ. ಅದು ಕೆಳಗಿನ ಸ್ವರಗಳನ್ನು ನುಂಗಿಬಿಡುತ್ತೆ, ವೆಲ್ವೆಟ್ ಅಂಡರ್‌ಗ್ರೌಂಡ್‌ನ ಅರ್ಧ ಜೀವ ಅಲ್ಲೇ ಇರೋದು. ಹೆಡ್‌ಫೋನ್ ಸಾಲ ಮಾಡಿಯಾದರೂ ತನ್ನಿ.

ಅವತ್ತು ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂತು. 'ಟಾಗೊ ಮಾಗೊ' ಅರ್ಧಕ್ಕೇ ನಿಲ್ಲಿಸಿ ಟಾರ್ಚ್ ಹಿಡಿದು ಬಾವಿ ಹತ್ತಿರ ಹೋದೆವು. ಮೋಟ್ರು ಓಡತೊಡಗಿದ ಮೇಲೆ ಒಬ್ಬ ಫೋನಿನ ಟ್ಯೂನರ್ ಆ್ಯಪ್ ತೆಗೆದು ಹಿಡಿದ. ನಮ್ಮ ಕರೆಂಟು 50 ಹರ್ಟ್ಸ್. ಮೋಟ್ರಿನ ಕಬ್ಬಿಣವನ್ನು ಅಯಸ್ಕಾಂತ ಒಂದು ಸುತ್ತಿಗೆ ಎರಡು ಸಲ ಎಳೆಯೋದರಿಂದ ಗುನುಗು ಅದರ ಎರಡರಷ್ಟು, 100 ಹರ್ಟ್ಸ್. ಗಿಟಾರಿನ ಲೆಕ್ಕದಲ್ಲಿ ಜಿ ಸ್ವರ, ಒಂದು ಕೂದಲೆಳೆ ಏರು. ಗಿಟಾರ್ ತಂದಿದ್ದವನು ಬಾವಿಕಟ್ಟೆ ಮೇಲೆ ಕೂತು ತಂತಿಗಳನ್ನು ಅದಕ್ಕೇ ಕೂಡಿಸಿಕೊಂಡ. ಶುಂಠಿ ಪಾತಿಗೆ ನೀರು ಹರಿಯುತ್ತಿತ್ತು. ಕರೆಂಟ್ ಹೋಗೋ ತನಕ ನುಡಿಸಿದ.