ಆಸ್ಪತ್ರೆಯ ಕಸ ಮತ್ತು ಅಧಿಕಾರ ಪತ್ರ

ದವಾಖಾನೆಯಲ್ಲಿ ಚುಚ್ಚುಮದ್ದು ಪಡೆದು ಹೊರಬರುವ ರೋಗಿಗೆ ಆ ಸೂಜಿ ಮುಂದೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಬೀದಿಯ ತೊಟ್ಟಿಗೆ ಬಿದ್ದ ಸೂಜಿಯು ಚಿಂದಿ ಆಯುವವನ ಬೆರಳಿಗೆ ಚುಚ್ಚಿದರೆ ಹೆಪಟೈಟಿಸ್ 'ಬಿ', ಹೆಪಟೈಟಿಸ್ 'ಸಿ' ಹಾಗೂ ಎಚ್.ಐ.ವಿ. ಸೋಂಕುಗಳು ತಗಲುವ ಸಂಭವವುಂಟು. ಬಳಸಿದ ಸಿರಿಂಜು ಗುಜರಿ ವ್ಯಾಪಾರಿಯ ಕೈಸೇರಿ, ತೊಳೆದು ಮರಳಿ ಮಾರಾಟಕ್ಕೆ ಬಂದರಂತೂ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್ 'ಬಿ' ಹಬ್ಬಿ ಅನೇಕರು ಅಸುನೀಗಿದಾಗ, ಸಿರಿಂಜುಗಳ ಮರುಬಳಕೆಯೇ ಅದಕ್ಕೆ ಕಾರಣವೆಂದು ಕಂಡುಬಂದಿತು.

ಇಂತಹ ಕಸವು ಯಾರ ಕೈಗೂ ಸಿಗುವ ಸರಕಾಗಬಾರದೆಂಬುದೇ ಕಾನೂನಿನ ಆಶಯ. 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಮೇರೆಗೆ 1998ರಲ್ಲಿ ಮೊದಲ ನಿಯಮಗಳು ಜಾರಿಗೆ ಬಂದವು. ತಿಂಗಳಿಗೆ ಒಂದು ಸಾವಿರಕ್ಕಿಂತ ಕಡಿಮೆ ರೋಗಿಗಳನ್ನು ನೋಡುವ ದವಾಖಾನೆಗಳಿಗೆ ಆಗ ಅಧಿಕಾರ ಪತ್ರದ ಅಗತ್ಯವಿರಲಿಲ್ಲ. 2016ರ ಮಾರ್ಚ್ 28ರಂದು ಪ್ರಕಟವಾದ ಹೊಸ ನಿಯಮಗಳು ಈ ರಿಯಾಯಿತಿಯನ್ನು ತೆಗೆದುಹಾಕಿದವು. ಕಸದ ಪ್ರಮಾಣ ಎಷ್ಟೇ ಇರಲಿ, ಅಧಿಕಾರ ಪತ್ರ ಪಡೆಯುವುದು ಈಗ ಕಡ್ಡಾಯ.

ಕಸವನ್ನು ಬೇರ್ಪಡಿಸುವುದು, ಕೂಡಿಡುವುದು, ಸಾಗಿಸುವುದು, ಸಂಸ್ಕರಿಸುವುದು ಮಾತ್ರವಲ್ಲ, ಅದನ್ನು ಮಾರಾಟಕ್ಕೆ ಒಡ್ಡುವುದು ಮತ್ತು ಹಸ್ತಾಂತರಿಸುವುದು ಕೂಡ ನಿಯಮಗಳ ವ್ಯಾಖ್ಯೆಯೊಳಗೆ ಬರುತ್ತದೆ. ಆದ್ದರಿಂದ 'ಕಸವನ್ನು ನಾವು ಮುಟ್ಟುವುದಿಲ್ಲ, ಕೊಂಡು ಮಾರುತ್ತೇವೆ, ಅಷ್ಟೆ' ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಅಧಿಕಾರ ಪತ್ರವನ್ನು ರಾಜ್ಯಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿಯೂ ದೆಹಲಿಯಂತಹ ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾಲಿನ್ಯ ನಿಯಂತ್ರಣ ಸಮಿತಿಯೂ ನೀಡುತ್ತವೆ. ಹಾಸಿಗೆಗಳಿಲ್ಲದ ಚಿಕ್ಕ ದವಾಖಾನೆಗಳು ಇದನ್ನು ಒಮ್ಮೆ ಪಡೆದರೆ ಸಾಕು.

ಕಸವನ್ನು ಹುಟ್ಟುವ ಸ್ಥಳದಲ್ಲಿಯೇ ಬಣ್ಣಗಳಿಗನುಗುಣವಾಗಿ ವಿಂಗಡಿಸಬೇಕು. ರಕ್ತಸಿಕ್ತ ಹತ್ತಿ, ಪಟ್ಟಿ ಹಾಗೂ ದೇಹದ ಭಾಗಗಳು ಹಳದಿ ಚೀಲಕ್ಕೆ. ನಳಿಕೆ, ಕೈಗವಸು, ಸೂಜಿಯಿಲ್ಲದ ಸಿರಿಂಜು ಮುಂತಾದ ಪ್ಲಾಸ್ಟಿಕ್ ವಸ್ತುಗಳು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡುಗಳು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ವಸ್ತುಗಳು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು. ಸಂಸ್ಕರಿಸದ ಹಳದಿ ಚೀಲದ ಸೋಂಕುಕಾರಕ ಕಸವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. 75 ಕಿಲೋಮೀಟರುಗಳೊಳಗೆ ಸಾಮೂಹಿಕ ಸಂಸ್ಕರಣಾ ಕೇಂದ್ರವಿದ್ದರೆ ಆಸ್ಪತ್ರೆಗಳು ಅದಕ್ಕೇ ಕಸವನ್ನು ಒಪ್ಪಿಸಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಕೆಂಪು ಚೀಲದ ವಿಷಯದಲ್ಲಿ. ಪ್ಲಾಸ್ಟಿಕ್ಕಿಗೆ ಬೆಲೆಯುಂಟು, ಬೆಲೆಯಿದ್ದಲ್ಲಿ ಕಳ್ಳಸಾಗಣೆಯೂ ಉಂಟು. ಆದುದರಿಂದ ಅದನ್ನು ಮೊದಲು ಹಬೆಯ ಶಾಖದಿಂದಲೋ ಅಂತಹುದೇ ಬೇರೊಂದು ವಿಧಾನದಿಂದಲೋ ರೋಗಾಣುರಹಿತಗೊಳಿಸಿ, ಮತ್ತೆ ಬಳಸಲಾಗದಂತೆ ಚೂರುಚೂರು ಮಾಡಬೇಕು. ಆ ಬಳಿಕವಷ್ಟೇ ನೋಂದಾಯಿತ ಅಥವಾ ಅಧಿಕಾರ ಪಡೆದ ಮರುಬಳಕೆ ಉದ್ಯಮಿಗೆ ಕೊಡಬಹುದು. ಈ ದಾಖಲೆಗಳನ್ನು 5 ವರ್ಷ ಕಾದಿಡಬೇಕು. ಚೀಲಗಳ ಮೇಲಿನ ಬಾರ್‌ಕೋಡ್ ಗುರುತು ಕಸವು ಯಾವ ಆಸ್ಪತ್ರೆಯದೆಂಬುದನ್ನು ತಿಳಿಸುತ್ತದೆ.

ಮನೆಯವರ ಹೊಣೆಯೂ ಸ್ವಲ್ಪ ಇದೆ. ಮಧುಮೇಹಿಗಳು ಬಳಸುವ ಇನ್ಸುಲಿನ್ ಸೂಜಿಗಳನ್ನು ಅಡುಗೆಮನೆಯ ಕಸದೊಡನೆ ಬೆರೆಸದೆ, ಗಟ್ಟಿಯಾದ ಡಬ್ಬಿಯಲ್ಲಿ ಮುಚ್ಚಿ, ನಗರಸಭೆಯ ಕಸ ಸಂಗ್ರಾಹಕರಿಗೆ ತಿಳಿಸಿ ಪ್ರತ್ಯೇಕವಾಗಿ ಕೊಡಬೇಕು. ದವಾಖಾನೆ ನಡೆಸುವವರು ಕಸ ಒಯ್ಯಲು ಬಂದವನ ಅಧಿಕಾರ ಪತ್ರವನ್ನು ನೋಡದೆ ಒಂದು ಚೀಲವನ್ನೂ ಕೊಡಬಾರದು. ರೋಗ ಗುಣಪಡಿಸಿದ ಸೂಜಿಯೇ ಮತ್ತೊಬ್ಬರಿಗೆ ರೋಗ ತರದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ ಆಗಿದೆ.